ವಿಷವನ್ನು ಬಿಚ್ಚುವ ಬಿಳಿ ಎಳೆಗಳು



ಬಾವಿಕಟ್ಟೆಯ ಪಕ್ಕದಲ್ಲೋ ಪಂಪ್‌ಶೆಡ್ಡಿನ ಮುಂದೆಯೋ ಔಷಧಿ ಕಲಸಲು ಒಂದು ಜಾಗ ಇದ್ದೇ ಇರುತ್ತದೆ. ಡ್ರಮ್ಮಿಗೆ ನೀರು ತುಂಬಿ, ಬಾಟಲಿಯ ಮುಚ್ಚಳದಲ್ಲಿ ಅಳೆದು ಸುರಿದು, ಕೋಲಿನಲ್ಲಿ ತಿರುಗಿಸಿ, ಬೆನ್ನಿಗೆ ಹಾಕುವ ಪಂಪಿಗೆ ಹೊಯ್ಯುತ್ತೇವೆ. ಹೊಯ್ಯುವಾಗ ಒಂದಿಷ್ಟು ಚೆಲ್ಲುತ್ತದೆ. ಸಂಜೆ ಪಂಪು ತೊಳೆಯುವುದೂ ಅಲ್ಲೇ, ತೊಳೆದ ನೀರು ಇಂಗುವುದೂ ಅಲ್ಲೇ. ಖಾಲಿ ಬಾಟಲಿ ಬೇಲಿಯ ಬುಡ ಸೇರುತ್ತದೆ. ಎಕರೆಗಟ್ಟಲೆ ಹರಡಿ ಬೀಳಬೇಕಾದ ವಿಷ ವರ್ಷದಿಂದ ವರ್ಷಕ್ಕೆ ಒಂದು ಚಾಪೆಯಷ್ಟಗಲದ ನೆಲದಲ್ಲಿ ಕೂಡುತ್ತಾ ಹೋಗುತ್ತದೆ. ಅದೂ ನಾವು ಕುಡಿಯುವ ನೀರಿನ ಮಗ್ಗುಲಲ್ಲೇ.

ಚೆಲ್ಲಿದ್ದು ಎಷ್ಟು ಮಹಾ ಎಂದು ಅನ್ನಿಸಬಹುದು. ಯುರೋಪಿನ ಒಕ್ಕೂಟದಲ್ಲಿ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಯಾವುದೇ ಒಂದು ಕೀಟನಾಶಕ 0.1 ಮೈಕ್ರೋಗ್ರಾಂ ದಾಟಬಾರದು ಎಂಬ ನಿಯಮವಿದೆ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ. ಒಂದೇ ಒಂದು ಗ್ರಾಂ ವಿಷ ನೀರಿಗೆ ಸೇರಿದರೆ, ಒಂದು ಕೋಟಿ ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. ಬಾಟಲಿಯ ಬಾಯಿಗಂಟಿಸಿದ ತಗಡಿನ ಹಾಳೆಯನ್ನು ಕಿತ್ತು ಬಿಸಾಡುತ್ತೇವಲ್ಲ, ಅದರಲ್ಲಿ ಅಂಟಿಕೊಂಡದ್ದು ಕೂಡ ಕಡೆಗಣಿಸುವ ಪ್ರಮಾಣವಲ್ಲ. ಯುರೋಪಿನ ಹಳ್ಳಗಳಲ್ಲಿ ಕೀಟನಾಶಕ ಎಲ್ಲಿಂದ ಬಂತೆಂದು ಹುಡುಕುತ್ತ ಹೋದವರಿಗೆ, ಅದರ ದೊಡ್ಡ ಪಾಲು ಹೊಲದಿಂದಲ್ಲ, ಪಂಪು ತುಂಬುವ ಮತ್ತು ತೊಳೆಯುವ ಅಂಗಳದಿಂದ ಬಂದದ್ದು ಎಂದು ಮತ್ತೆ ಮತ್ತೆ ಕಂಡಿದೆ.

ಈ ವಿಷವನ್ನು ಅಲ್ಲೇ, ಆ ಚಾಪೆಯಗಲದ ಜಾಗದಲ್ಲೇ ಮುರಿದು ಹಾಕಬಲ್ಲ ಜೀವಿಗಳ ಬಗ್ಗೆ ಇವತ್ತು ಹೇಳಬೇಕೆಂದಿದ್ದೇನೆ. ಅವು ಶಿಲೀಂಧ್ರಗಳು. ನಮ್ಮ ಮಾತಿನಲ್ಲಿ ಬೂಷ್ಟು, ಅಣಬೆ. ಪ್ರಯೋಗಾಲಯದಲ್ಲಿ ಹುಟ್ಟಿಸಿದ ಹೊಸ ಜೀವಿಗಳೇನೂ ಅಲ್ಲ. ಮಳೆಗಾಲದಲ್ಲಿ ತೋಟದ ಮೂಲೆಯಲ್ಲಿ ಬಿದ್ದ ಮಾವಿನ ಕೊರಡನ್ನು ಕತ್ತಿಯ ತುದಿಯಿಂದ ಸ್ವಲ್ಪ ಸೀಳಿ ನೋಡಿ. ಕೆಲವು ಕೊರಡು ಕಂದುಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರುಕು ಬಿಟ್ಟಿರುತ್ತವೆ, ಹಿಸುಕಿದರೆ ಪುಡಿಯಾಗುತ್ತವೆ. ಇನ್ನು ಕೆಲವು ಬೆಳ್ಳಗಾಗಿರುತ್ತವೆ. ಬೆರಳಿನಲ್ಲಿ ಎಳೆದರೆ ನಾರು ನಾರಾಗಿ ಬಿಡಿಸಿಕೊಂಡು ಬರುತ್ತವೆ. ತೊಗಟೆಯ ಒಳಗಡೆ ತೆಳ್ಳನೆಯ ಬಿಳಿ ಎಳೆಗಳು ಕವಲೊಡೆದು ಹರಡಿರುತ್ತವೆ. ನಮಗೆ ಬೇಕಾದದ್ದು ಈ ಎರಡನೆಯ ಬಗೆ. ಇದಕ್ಕೆ ಬಿಳಿ ಕೊಳೆತ ಎನ್ನುತ್ತಾರೆ, ಇದನ್ನು ಮಾಡುವವು ಬಿಳಿ ಕೊಳೆತದ ಶಿಲೀಂಧ್ರಗಳು. ನಾವು ಪಲ್ಯ ಮಾಡಿ ತಿನ್ನುವ ಚಿಪ್ಪಣಬೆಯೂ ಈ ಬಳಗದ್ದೇ.

ಮರದ ತೂಕದಲ್ಲಿ ಸುಮಾರು ಕಾಲು ಭಾಗ ಲಿಗ್ನಿನ್ ಎಂಬ ವಸ್ತು. ಮರಕ್ಕೆ ಗಟ್ಟಿತನ ಬರುವುದು ಅದರಿಂದ. ಹಿಟ್ಟಿನಲ್ಲಿ, ಹತ್ತಿಯ ನೂಲಿನಲ್ಲಿ ಕಣಗಳು ಒಂದೇ ರೀತಿಯ ಕೊಂಡಿಯಿಂದ ಸಾಲಾಗಿ ಜೋಡಿಸಿಕೊಂಡಿರುತ್ತವೆ. ಲಿಗ್ನಿನ್ನಿನಲ್ಲಿ ಅಂಥ ಕ್ರಮವೇ ಇಲ್ಲ. ಎತ್ತ ಬೇಕಾದರತ್ತ ಬೆಸೆದುಕೊಂಡ ಉಂಗುರಗಳ ಗೋಜಲು ಅದು. ಬಹುಪಾಲು ಸೂಕ್ಷ್ಮಜೀವಿಗಳ ಕಿಣ್ವಗಳು ಒಂದು ಬೀಗಕ್ಕೆ ಒಂದೇ ಕೀಲಿಕೈ ಎಂಬ ರೀತಿಯವು. ಲಿಗ್ನಿನ್ನಿನ ಮುಂದೆ ಆ ಕೀಲಿಕೈ ನಡೆಯುವುದಿಲ್ಲ. ಹಾಗಾಗಿ ಬಿಳಿ ಕೊಳೆತದ ಶಿಲೀಂಧ್ರಗಳು ಕೀಲಿಕೈ ಹುಡುಕುವುದನ್ನು ಬಿಟ್ಟು ಕೊಡಲಿಯಲ್ಲಿ ಬಾಗಿಲನ್ನೇ ಒಡೆಯುವ ದಾರಿ ಹಿಡಿದವು. ತಮ್ಮ ಎಳೆಗಳಿಂದ ಹೊರಕ್ಕೆ ಕಿಣ್ವಗಳನ್ನು ಸುರಿಸುತ್ತವೆ: ಲಿಗ್ನಿನ್ ಪೆರಾಕ್ಸಿಡೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್, ಲ್ಯಾಕೇಸ್. ಎದುರಿಗೆ ಸಿಕ್ಕ ಕಣದಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳುವುದು ಇವುಗಳ ಕೆಲಸ. ಎಲೆಕ್ಟ್ರಾನ್ ಕಳೆದುಕೊಂಡ ಕಣ ನಿಲ್ಲಲಾರದೆ ತಾನೇ ಮುರಿಯುತ್ತದೆ, ಪಕ್ಕದ ಕಣವನ್ನೂ ಮುರಿಯುತ್ತದೆ.

ಲ್ಯಾಕೇಸನ್ನು ಮೊದಲು ಕಂಡದ್ದು ಅಣಬೆಯಲ್ಲಲ್ಲ, ಜಪಾನಿನ ಅರಗಿನ ಮರದ ಹಾಲಿನಲ್ಲಿ. 1883ರಲ್ಲಿ ಯೊಶಿದಾ ಎಂಬ ರಸಾಯನ ವಿಜ್ಞಾನಿ ಅದನ್ನು ಗುರುತಿಸಿದರು. ಲಿಗ್ನಿನ್ ಪೆರಾಕ್ಸಿಡೇಸ್ ಪತ್ತೆಯಾಗಲು ಅದಾದ ಮೇಲೆ ಸರಿಯಾಗಿ ನೂರು ವರ್ಷ ಬೇಕಾಯಿತು. 1983ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದಲ್ಲಿ ಮಿಂಗ್ ಟಿಯೆನ್ ಮತ್ತು ಕೆಂಟ್ ಕರ್ಕ್ ಅದನ್ನು ಬೇರ್ಪಡಿಸಿ ತೋರಿಸಿದರು. ಅವರು ಆರಿಸಿಕೊಂಡಿದ್ದ ಶಿಲೀಂಧ್ರದ ಹೆಸರು ಫ್ಯಾನೆರೋಕೀಟೆ ಕ್ರೈಸೋಸ್ಪೋರಿಯಂ. ಹೆಸರು ನಾಲಿಗೆಗೆ ಕಷ್ಟ, ಜೀವಿ ಬಹಳ ಗಟ್ಟಿ. 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆ ಇದಕ್ಕೆ ಹಿತವೇ.

ಇನ್ನೆರಡು ವರ್ಷಕ್ಕೆ, 1985ರಲ್ಲಿ, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಆಸ್ಟ್ ಮತ್ತು ಅವರ ಜೊತೆಗಾರರು ಒಂದು ಸರಳ ಪ್ರಶ್ನೆ ಹಾಕಿಕೊಂಡರು. ಉಂಗುರಗಳ ಗೋಜಲನ್ನೇ ಒಡೆಯುವ ಈ ಜೀವಿ, ಉಂಗುರಗಳಿಗೆ ಕ್ಲೋರಿನ್ ಸಿಕ್ಕಿಸಿ ನಾವು ಮಾಡಿದ ವಿಷಗಳನ್ನು ಬಿಟ್ಟೀತೆ? ಡಿಡಿಟಿ, ಲಿಂಡೇನ್ ಮುಂತಾದವನ್ನು ತೆಗೆದುಕೊಂಡು, ಅವುಗಳ ಇಂಗಾಲವನ್ನು ವಿಕಿರಣದ ಗುರುತು ಹಾಕಿದ ಇಂಗಾಲದಿಂದ ಮಾಡಿಸಿ, ಶಿಲೀಂಧ್ರದ ಜೊತೆ ಇಟ್ಟರು. ದಿನಗಳು ಕಳೆದ ಹಾಗೆ ಮೇಲೆದ್ದ ಗಾಳಿಯಲ್ಲಿ ಆ ಗುರುತಿನ ಇಂಗಾಲ ಸಿಕ್ಕಿತು, ಇಂಗಾಲದ ಡೈಆಕ್ಸೈಡಾಗಿ. ಪ್ರಮಾಣ ಸಣ್ಣದು. ಆದರೂ ದಶಕಗಟ್ಟಲೆ ಮಣ್ಣಿನಲ್ಲಿ ಅಲುಗದೆ ಕೂರುವ ಡಿಡಿಟಿಯ ಕಣವೊಂದು ನಾವು ಉಸಿರಲ್ಲಿ ಬಿಡುವ ಗಾಳಿಯ ಮಟ್ಟಕ್ಕೆ ಇಳಿದಿತ್ತು. ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ಬರಹದಿಂದಲೇ ಈ ವಿಷಯದ ಸಂಶೋಧನೆಗೆ ವೇಗ ಬಂತು.

ಡಿಡಿಟಿಯಂಥ ಕಣದ ಮೇಲಿನ ಮೊದಲ ಏಟು ಹೊರಗಿನ ಕಿಣ್ವದ್ದಲ್ಲ ಎಂಬುದು ಆಮೇಲೆ ತಿಳಿಯಿತು. ಕ್ಲೋರಿನ್ ತುಂಬಿದ ಕಣದಿಂದ ಎಲೆಕ್ಟ್ರಾನ್ ಕೀಳುವುದು ಸುಲಭವಲ್ಲ. ಶಿಲೀಂಧ್ರದ ಜೀವಕೋಶದ ಒಳಗೆ ಬೇರೊಂದು ಪಡೆಯಿದೆ, ನಮ್ಮ ಯಕೃತ್ತಿನಲ್ಲಿ ಔಷಧಿಯನ್ನು ಕರಗಿಸುವ ಕಿಣ್ವಗಳ ಜಾತಿಯದೇ. 2004ರಲ್ಲಿ ಈ ಶಿಲೀಂಧ್ರದ ವಂಶವಾಹಿಗಳನ್ನು ಪೂರ್ತಿ ಓದಿದಾಗ, ಆ ಬಗೆಯ ಕಿಣ್ವಗಳ ವಂಶವಾಹಿಗಳೇ 150ರ ಆಸುಪಾಸು ಕಂಡವು. ಒಳಗಿನ ಪಡೆ, ಹೊರಗಿನ ಪಡೆ ಎರಡೂ ಸೇರಿ ಈ ಕೆಲಸ ಮಾಡುತ್ತವೆ.

ಇಂಥ ಶಕ್ತಿ ಯಾವ ಅಣಬೆಗಿದೆ ಎಂದು ಪರೀಕ್ಷಿಸುವ ಒಂದು ವಿಧಾನವನ್ನು ಶಾಲೆ ಕಾಲೇಜಿನ ಮಕ್ಕಳು ಕೇಳುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಪೋಷಕಕ್ಕೆ ಒಂದು ಗಾಢ ನೀಲಿ ಬಣ್ಣ ಬೆರೆಸುತ್ತಾರೆ, ಬಟ್ಟೆಗೆ ಹಾಕುವ ಬಣ್ಣ. ನಡುವೆ ಕೊರಡಿನಿಂದ ತೆಗೆದ ಎಳೆಯ ಒಂದು ಚೂರು ಇಡುತ್ತಾರೆ. ಕೆಲವು ದಿನಗಳಲ್ಲಿ ಎಳೆಗಳು ಸುತ್ತ ಹರಡುತ್ತವೆ. ಶಕ್ತಿಯಿಲ್ಲದ ಬೂಷ್ಟು ನೀಲಿಯ ಮೇಲೆ ಸುಮ್ಮನೆ ಬೆಳೆಯುತ್ತದೆ, ನೀಲಿ ನೀಲಿಯಾಗಿಯೇ ಇರುತ್ತದೆ. ಬಿಳಿ ಕೊಳೆತದ ಶಿಲೀಂಧ್ರವಾದರೆ ಅದು ಹಬ್ಬಿದಂತೆಲ್ಲ ಅಡಿಯ ನೀಲಿ ಮಾಸುತ್ತ, ನಡುವಿನಿಂದ ಅಂಚಿಗೆ ತಟ್ಟೆ ತಿಳಿಯಾಗುತ್ತದೆ. ಬಣ್ಣದ ಉಂಗುರಗಳು ಒಡೆದದ್ದನ್ನು ಬರಿಗಣ್ಣಿನಲ್ಲಿ ಕಾಣಬಹುದು. ನಮ್ಮ ಪಶ್ಚಿಮ ಘಟ್ಟದ ಕೊರಡುಗಳಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ. ಹುಡುಕಿ ಪರೀಕ್ಷಿಸುವ ಕೈಗಳು ಬೇಕು.

ತಟ್ಟೆಯಲ್ಲಿ ಆದದ್ದು ನೆಲದಲ್ಲೂ ಆಗುತ್ತದೆಯೆ? ವಿಸ್ಕಾನ್ಸಿನ್ನಿನ ಒಂದು ಬಯಲಿನಲ್ಲಿ ಮರದ ಸಂರಕ್ಷಕವಾಗಿ ಬಳಸುತ್ತಿದ್ದ ಪೆಂಟಾಕ್ಲೋರೋಫಿನಾಲ್ ಎಂಬ ವಿಷ ಮಣ್ಣಿಗೆ ಇಳಿದಿತ್ತು. ರಿಚರ್ಡ್ ಲಾಮರ್ ಮತ್ತು ಡಯಾನ್ ಡೀಟ್ರಿಚ್ ಆ ಮಣ್ಣಿಗೆ ಶಿಲೀಂಧ್ರ ಬೆಳೆಸಿದ ಮರದ ಚಕ್ಕೆಗಳನ್ನು ಬೆರೆಸಿದರು. ಆರೂವರೆ ವಾರದಲ್ಲಿ ಆ ವಿಷ ಶೇಕಡಾ 88ರಿಂದ 91ರಷ್ಟು ಕಡಿಮೆಯಾಯಿತು ಎಂದು 1990ರಲ್ಲಿ ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಂತೋಷದ ಸುದ್ದಿಯಾಗಿ ಉಳಿಯುತ್ತಿತ್ತು. ಆ ಪ್ರಾಮಾಣಿಕ ಸಂಶೋಧಕರು ಕಡಿಮೆಯಾದ ವಿಷ ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನೂ ಕೊಟ್ಟರು. ಬಹುಪಾಲು ಮಣ್ಣಿನ ಕಣಕ್ಕೆ ಬಿಡಿಸಲಾಗದಂತೆ ಅಂಟಿಕೊಂಡಿತ್ತು. ಸಣ್ಣದೊಂದು ಪಾಲು ಪೆಂಟಾಕ್ಲೋರೋಅನಿಸೋಲ್ ಎಂಬ ಇನ್ನೊಂದು ವಸ್ತುವಾಗಿ ಮಾರ್ಪಟ್ಟಿತ್ತು. ಅಂದರೆ ವಿಷ ಕಾಣದಾಯಿತು ಎಂದ ಮಾತ್ರಕ್ಕೆ ವಿಷ ಇಲ್ಲವಾಯಿತು ಎಂದು ತಿಳಿಯಬಾರದು.

ಈ ಮಾತು ನಮಗೆ ಎಷ್ಟು ಹತ್ತಿರದ್ದು ಎಂಬುದು ದಕ್ಷಿಣ ಕನ್ನಡದ ಕೇಳುಗರಿಗೆ ಗೊತ್ತು. 1980, 90ರ ದಶಕಗಳಲ್ಲಿ ಅಲ್ಲಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗಡಿಯಾಚೆ ಕಾಸರಗೋಡಿನಲ್ಲೂ ಅದೇ ಆಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಎದ್ದು ಕೂರಲಾರದ ಮಕ್ಕಳನ್ನು ತಾಯಂದಿರು ಎತ್ತಿಕೊಂಡೇ ಬೆಳೆಸಿದರು. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ತಾಯಂದಿರಿಗೆ ವಯಸ್ಸಾಗಿದೆ, ಎತ್ತುವ ಕೆಲಸ ನಿಂತಿಲ್ಲ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿತು.

ಎಂಡೋಸಲ್ಫಾನಿನ ಮೇಲೆ ಶಿಲೀಂಧ್ರಗಳ ಪ್ರಯೋಗ ಸಾಕಷ್ಟು ನಡೆದಿದೆ. ಅಡಿಕೆ, ಶುಂಠಿ, ಮೆಣಸಿನ ಬುಡಕ್ಕೆ ನಾವು ಹಾಕುವ ಟ್ರೈಕೋಡರ್ಮಾದ ಒಂದು ಜಾತಿ ಅದನ್ನು ಒಡೆಯುತ್ತದೆ ಎಂದು 1993ರಲ್ಲೇ ತೋರಿಸಿದ್ದಾರೆ. ಒಡೆಯಲು ಎರಡು ದಾರಿ. ನೀರಿನ ಕಣ ಸೇರಿಸಿಕೊಂಡು ಒಡೆದರೆ ಎಂಡೋಸಲ್ಫಾನ್ ಡಯೋಲ್ ಸಿಗುತ್ತದೆ, ಅದರ ವಿಷ ಬಹಳ ಕಡಿಮೆ. ಆಮ್ಲಜನಕ ಸೇರಿಸಿಕೊಂಡರೆ ಎಂಡೋಸಲ್ಫಾನ್ ಸಲ್ಫೇಟ್, ಅದು ಮೂಲದಷ್ಟೇ ವಿಷ, ಮಣ್ಣಿನಲ್ಲಿ ಇನ್ನೂ ಹೆಚ್ಚು ಕಾಲ ನಿಲ್ಲುವಂಥದ್ದು. 1996ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ಸಿನಲ್ಲಿ ಕುಲ್ಮನ್ ಮತ್ತು ಮತ್ಸುಮುರಾ ನೋಡಿದಾಗ ಫ್ಯಾನೆರೋಕೀಟೆ ಎರಡೂ ದಾರಿಯಲ್ಲಿ ಹೋಗುತ್ತಿತ್ತು. ಅವರು ಜೀವಕೋಶದೊಳಗಿನ ಆ ಯಕೃತ್ತಿನ ಜಾತಿಯ ಕಿಣ್ವವನ್ನು ತಡೆಯುವ ವಸ್ತು ಹಾಕಿದರು. ಕೆಟ್ಟ ದಾರಿ ಬಹುಮಟ್ಟಿಗೆ ಮುಚ್ಚಿ, ಒಳ್ಳೆಯ ದಾರಿಯಲ್ಲಿ ಸಾಗಿದ್ದು ಹೆಚ್ಚಾಯಿತು. ಯಾವ ಶಿಲೀಂಧ್ರ, ಯಾವ ವಿಷ, ಒಡೆದ ಮೇಲೆ ಏನು ಉಳಿಯಿತು ಎಂಬ ಮೂರನ್ನೂ ಕೇಳದೆ ಯಾರಾದರೂ “ವಿಷ ತೆಗೆಯುವ ಬೂಷ್ಟು” ಎಂದು ಪೊಟ್ಟಣ ಮಾರಲು ಬಂದರೆ, ದಯವಿಟ್ಟು ಕೊಳ್ಳಬೇಡಿ.

ಏಕೆಂದರೆ ಈ ವಿಷಯ ಮಾತಾಡಿದಲ್ಲೆಲ್ಲ ರೈತರು ಕೇಳುವುದು ಒಂದೇ. “ಅದೊಂದು ಬಾಟ್ಲಿ ಕೊಡಿಸಿ ಸಾರ್, ಡ್ರಿಪ್ಪಲ್ಲಿ ಬಿಟ್ಟುಬಿಡ್ತೀನಿ.” ಆ ಆಸೆಯ ಹಿಂದೆ ಮಣ್ಣಿನ ಮೇಲಿನ ನಿಜವಾದ ಕಾಳಜಿ ಇದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಬಿಳಿ ಕೊಳೆತದ ಶಿಲೀಂಧ್ರದ ಮನೆ ಮರ, ಮಣ್ಣಲ್ಲ. ಬರಿ ಮಣ್ಣಿಗೆ ಬಿಟ್ಟರೆ ಅಲ್ಲಿನ ಬ್ಯಾಕ್ಟೀರಿಯಾಗಳ ಪೈಪೋಟಿಯಲ್ಲಿ ಅದು ಸೊರಗುತ್ತದೆ. ಅದಕ್ಕೆ ಮರದ ಚಕ್ಕೆಯೋ ಹುಲ್ಲೋ ಬೇಕು. ವಿಷವನ್ನು ಅದು ಹೊಟ್ಟೆಪಾಡಿಗಾಗಿ ತಿನ್ನುವುದಿಲ್ಲ. ಲಿಗ್ನಿನ್ ಒಡೆಯುವ ಕೆಲಸದ ನಡುವೆ ಸಿಕ್ಕ ವಿಷವೂ ಒಡೆಯುತ್ತದೆ, ಅಷ್ಟೆ. ಎಕರೆಗಟ್ಟಲೆ ಹೊಲಕ್ಕೆ ಅಷ್ಟು ಹುಲ್ಲು ಬೆರೆಸಿ ತೇವ ಕಾಯುವುದು ಆಗದ ಮಾತು.

ಅಡಿಕೆ ಬೆಳೆಗಾರರು ಕೇಳುತ್ತಾರೆ, ನಮ್ಮ ಬೋರ್ಡೋ ದ್ರಾವಣದ್ದೇನು ಎಂದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಅದನ್ನು ಹೊಡೆಯಲು ಕಲಿಸಿದರು. ಮಲೆನಾಡಿನ ಎಷ್ಟೋ ಸಂಸಾರ ಉಳಿದದ್ದು ಅದರಿಂದ. ನೂರು ವರ್ಷದಿಂದ ಆ ದ್ರಾವಣದ ಮೈಲುತುತ್ತದ ತಾಮ್ರ ತೋಟದ ಮಣ್ಣಿಗೆ ಬೀಳುತ್ತಲೇ ಇದೆ. ತಾಮ್ರ ಮೂಲಧಾತು. ಒಡೆಯಲು ಅದರಲ್ಲಿ ಕೊಂಡಿಯೇ ಇಲ್ಲ, ಜಗತ್ತಿನ ಯಾವ ಅಣಬೆಯೂ ಅದನ್ನು ಇಲ್ಲವಾಗಿಸದು. ಹೆಚ್ಚಾದರೆ ಅಣಬೆಯೇ ಸಾಯುತ್ತದೆ.

ಹಾಗಾದರೆ ಇದರ ಉಪಯೋಗ ಎಲ್ಲಿ? ಸ್ವೀಡನ್ನಿನವರು ಇದಕ್ಕೆ ಬಹಳ ಸರಳ ಉತ್ತರ ಕಂಡುಕೊಂಡರು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಲೆನಾರ್ಟ್ ಟಾರ್ಸ್ಟೆನ್ಸನ್ ಅವರ ಮಾರ್ಗದರ್ಶನದಲ್ಲಿ 1993ರಲ್ಲಿ ಒಬ್ಬ ರೈತನ ಜಮೀನಿನಲ್ಲಿ ಮೊದಲ ‘ಬಯೋಬೆಡ್’ ಸಿದ್ಧವಾಯಿತು. ಹೆಸರು ದೊಡ್ಡದು, ಆದದ್ದು ಒಂದು ಗುಂಡಿ. ಆಳ ಸುಮಾರು 60 ಸೆಂಟಿಮೀಟರ್, ಎರಡು ಅಡಿ. ತಳದಲ್ಲಿ 10 ಸೆಂಟಿಮೀಟರ್ ಜೇಡಿಮಣ್ಣು. ಅದರ ಮೇಲೆ ಮಿಶ್ರಣ: ಅಳತೆಯಲ್ಲಿ ಅರ್ಧ ಪಾಲು ಕತ್ತರಿಸಿದ ಹುಲ್ಲು, ಕಾಲು ಪಾಲು ಅಲ್ಲಿನ ಜೌಗು ನೆಲದ ಪೀಟ್, ಕಾಲು ಪಾಲು ಹೊಲದ ಮೇಲ್ಮಣ್ಣು. ಎಲ್ಲಕ್ಕಿಂತ ಮೇಲೆ ಹಸಿರು ಹುಲ್ಲಿನ ಹಾಸು. ಸ್ಪ್ರೇಯರನ್ನು ಇದರ ಮೇಲೆಯೇ ನಿಲ್ಲಿಸಿ ತುಂಬುತ್ತಾರೆ. ಚೆಲ್ಲಿದ್ದೆಲ್ಲ ಒಳಕ್ಕಿಳಿದು ಪೀಟಿಗೂ ಮಣ್ಣಿಗೂ ಅಂಟಿಕೊಳ್ಳುತ್ತದೆ. ಹುಲ್ಲಿನ ಲಿಗ್ನಿನ್ನನ್ನು ತಿನ್ನಲು ಹಬ್ಬಿದ ಶಿಲೀಂಧ್ರ ಅದನ್ನು ನಿಧಾನವಾಗಿ ಒಡೆಯುತ್ತದೆ. ಪೀಟಿನ ಹುಳಿ ಗುಣ ಶಿಲೀಂಧ್ರಕ್ಕೆ ಅನುಕೂಲ. ಹುಲ್ಲಿನ ಹಾಸು ತೇವವನ್ನು ಹದದಲ್ಲಿಡುತ್ತದೆ. ಎಲ್ಲಿ ಹೆಚ್ಚು ಚೆಲ್ಲಿತೆಂಬುದನ್ನೂ ಒಣಗಿ ತೋರಿಸುತ್ತದೆ. ಹೊರಗಿನಿಂದ ಅಣಬೆ ಬೀಜ ಹಾಕುವುದೇ ಇಲ್ಲ. ಹುಲ್ಲಿನೊಂದಿಗೆ, ಮಣ್ಣಿನೊಂದಿಗೆ ಬಂದವೇ ಸಾಕು. ಸ್ವೀಡನ್ನಿನಲ್ಲೇ ಇಂಥವು ಸಾವಿರಕ್ಕೂ ಹೆಚ್ಚಾದವು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಇಟಲಿಯವರು ತಮ್ಮಲ್ಲಿ ಸಿಗುವ ಹುಲ್ಲು, ಗೊಬ್ಬರಗಳಿಂದ ತಮ್ಮದೇ ರೀತಿ ಮಾಡಿಕೊಂಡರು.

ನಮ್ಮಲ್ಲಿ ಪೀಟ್ ಇಲ್ಲ. ಆದರೆ ತಿಪಟೂರು, ಅರಸೀಕೆರೆ ಕಡೆ ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡ ಬಿದ್ದಿರುವ ತೆಂಗಿನ ನಾರಿನ ಪುಡಿ ಇದೆ. ನೀರನ್ನು ಹಿಡಿದಿಡುವುದರಲ್ಲಿ ಪೀಟಿಗೆ ಕಡಿಮೆಯಿಲ್ಲ, ಲಿಗ್ನಿನ್ ತುಂಬಿದೆ. ಆ ಪುಡಿಗೆ ಚಿಪ್ಪಣಬೆಯ ಬೀಜ ಮತ್ತು ಯೂರಿಯಾ ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ವಿಧಾನವನ್ನು ತೆಂಗಿನ ನಾರು ಮಂಡಳಿಯವರು ಬಹಳ ಹಿಂದೆಯೇ ಬಳಕೆಗೆ ತಂದಿದ್ದಾರೆ. ಭತ್ತದ ಹುಲ್ಲು, ರಾಗಿ ಹುಲ್ಲು ಇದೆ. ಊರೂರಲ್ಲಿ ಅಣಬೆ ಬೆಳೆಯುವ ಹೆಣ್ಣುಮಕ್ಕಳಿದ್ದಾರೆ. ಅವರು ಕೊಯ್ಲು ಮುಗಿದ ಮೇಲೆ ಹೊರಗೆಸೆಯುವ ಹುಲ್ಲಿನ ಚೀಲಗಳಲ್ಲಿ ಬಿಳಿ ಎಳೆ ಇನ್ನೂ ಜೀವಂತವಾಗಿರುತ್ತದೆ, ಕಿಣ್ವಗಳೂ ಇರುತ್ತವೆ. ಬಯೋಬೆಡ್ಡಿಗೆ ಬೇಕಾದ ಸಾಮಗ್ರಿ ಹೆಚ್ಚುಕಮ್ಮಿ ಪೂರ್ತಿ ನಮ್ಮ ಹಿತ್ತಿಲಲ್ಲೇ ಇದೆ.

ಇಲ್ಲಿ ಒಂದು ಮಾತು ನಮ್ಮ ರೂಢಿಗೆ ವಿರುದ್ಧವಾದದ್ದು. ಗುಂಡಿ ಎಂದ ಕೂಡಲೇ ಸಗಣಿ ಹಾಕಲು ಕೈ ಹೋಗುತ್ತದೆ. ಇದು ತಿಪ್ಪೆಯಲ್ಲ, ಇದಕ್ಕೆ ಸಗಣಿ ಧಾರಾಳವಾಗಿ ಹಾಕಬಾರದು. ಫ್ಯಾನೆರೋಕೀಟೆ ಲಿಗ್ನಿನ್ ಒಡೆಯಲು ತೊಡಗುವುದೇ ಸಾರಜನಕ ಸಾಲದಾದಾಗ. ಸಾರಜನಕ ಹೆಚ್ಚಾದರೆ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತವೆ, ಹುಲ್ಲು ಬೇಗ ಕರಗಿ ಗುಂಡಿ ಕುಸಿಯುತ್ತದೆ. ಇನ್ನೊಂದು, ನಮ್ಮ ಮಳೆ. ಆಗುಂಬೆ, ಸುಳ್ಯದ ಮಳೆಗೆ ತೆರೆದ ಗುಂಡಿ ಇಟ್ಟರೆ ವಿಷವನ್ನು ನಾವೇ ಹಳ್ಳಕ್ಕೆ ಹರಿಯಬಿಟ್ಟಂತೆ. ಮೇಲೆ ತಗಡಿನ ಮಾಡು, ತಳಕ್ಕೂ ಬದಿಗೂ ನೀರು ಸೋರದ ಹಾಳೆ, ಸುತ್ತ ಎತ್ತರದ ಕಟ್ಟೆ ಇರಲೇಬೇಕು. ಬಾವಿಯಿಂದ ದೂರ ಇರಬೇಕು. ಬಯಲುಸೀಮೆಯವರಿಗೆ ಕಷ್ಟ ಇನ್ನೊಂದು ರೀತಿಯದು. ಒಣಗಿದ ಹುಲ್ಲಿನಲ್ಲಿ ಎಳೆ ಕೆಲಸ ನಿಲ್ಲಿಸುತ್ತದೆ, ಬೇಸಿಗೆಯಲ್ಲಿ ತೇವ ಕೊಡುತ್ತಿರಬೇಕು. ಶಿಲೀಂಧ್ರನಾಶಕಗಳನ್ನೇ ಹೆಚ್ಚಾಗಿ ಹೊಡೆಯುವ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಗುಂಡಿಯ ಕೆಲಸ ನಿಧಾನವಾಗುತ್ತದೆ. ಚಿಪ್ಪಣಬೆ ಮಾತ್ರ ಕಾರ್ಬೆಂಡಜಿಮ್ಮನ್ನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಅಣಬೆ ಬೆಳೆಯುವವರು ಬೇರೆ ಬೂಷ್ಟು ಬರದಿರಲೆಂದು ಹುಲ್ಲನ್ನು ಅದರಲ್ಲೇ ನೆನೆಹಾಕುವುದುಂಟಲ್ಲ.

ಆ ಗುಂಡಿಯ ಮೇಲೆ ಅಣಬೆ ಎದ್ದರೆ ತಿನ್ನಬೇಡಿ. ಚಿಪ್ಪಣಬೆಯೇ ಆಗಿರಲಿ, ಎಷ್ಟೇ ಬಿಳಿಯಾಗಿರಲಿ, ಬೇಡ. ಅಣಬೆಗಳು ಭಾರಲೋಹಗಳನ್ನು ಮೈಯಲ್ಲಿ ತುಂಬಿಕೊಳ್ಳುತ್ತವೆ. ಮಕ್ಕಳೂ ದನಕರುವೂ ಸುಳಿಯದಂತೆ ಬೇಲಿ ಇರಲಿ.

ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೆ ನನ್ನ ಕಳಕಳಿಯ ಕೋರಿಕೆ ಇದೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ, ಬಾಗಲಕೋಟೆ, ಪ್ರತಿಯೊಂದರ ಆವರಣದಲ್ಲೂ ಔಷಧಿ ಕಲಸುವ ಜಾಗ ಒಂದಾದರೂ ಇದೆ. ಅಲ್ಲೇ ಒಂದು ಗುಂಡಿ ಮಾಡಿ, ನಾರಿನ ಪುಡಿ ಎಷ್ಟು, ಯಾವ ಹುಲ್ಲು, ನಮ್ಮ ರೈತರು ಇವತ್ತು ಹೊಡೆಯುತ್ತಿರುವ ಔಷಧಿಗಳಲ್ಲಿ ಯಾವುದು ಎಷ್ಟು ತಿಂಗಳಲ್ಲಿ ಒಡೆಯುತ್ತದೆ, ಒಡೆದ ಮೇಲೆ ಏನು ಉಳಿಯುತ್ತದೆ ಎಂದು ಅಳೆದು ರೈತರ ಕೈಗೆ ಕೊಡಿ. ಯುರೋಪಿನ ಲೆಕ್ಕ ಅಲ್ಲಿನ ಚಳಿಗೆ, ಅಲ್ಲಿನ ಔಷಧಿಗಳಿಗೆ ಮಾಡಿದ್ದು. ನಮ್ಮ ಸೆಖೆಯಲ್ಲಿ ಕೆಲಸ ಬೇಗ ಆಗಬಹುದು ಎಂಬ ಭರವಸೆ ನನಗಿದೆ, ಆದರೆ ಅಳೆಯದೆ ರೈತರಿಗೆ ಮಾತು ಕೊಡಬಾರದು.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದದ್ದು ಇದೆ. ಔಷಧಿ ಕಲಸುವ ಜಾಗವನ್ನು ಬಾವಿಕಟ್ಟೆಯಿಂದ, ಬೋರ್‌ವೆಲ್ಲಿನಿಂದ, ಹಳ್ಳದಿಂದ ದೂರಕ್ಕೆ ಒಯ್ಯಿರಿ. ಖಾಲಿಯಾದ ಬಾಟಲಿಗೆ ನೀರು ಹಾಕಿ ಮೂರು ಸಲ ಕುಲುಕಿ, ಆ ನೀರನ್ನು ಪಂಪಿಗೇ ಸುರಿಯಿರಿ. ಕೊಟ್ಟ ಕಾಸಿನ ಔಷಧಿ ಬೆಳೆಗೇ ಹೋಗುತ್ತದೆ. ಪಂಪು ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲದೆ, ಅದೇ ದಿನ ಹೊಡೆದ ಬೆಳೆಯ ಸಾಲಿಗೇ ತೆಳುವಾಗಿ ಸಿಂಪಡಿಸಿ. ಬಯೋಬೆಡ್ ಇರುವ ದೇಶಗಳಲ್ಲೂ ರೈತರಿಗೆ ಮೊದಲು ಹೇಳುವುದು ಇದನ್ನೇ. ಗುಂಡಿಗೆ ಬೀಳುವುದು ಕಡಿಮೆಯಾದಷ್ಟೂ ಎಳೆಗಳ ಕೆಲಸ ಹಗುರ. ಅಲ್ಲಿ ಹುಲ್ಲು ಕರಗಿ ಮಿಶ್ರಣ ಇಳಿದಾಗಲೆಲ್ಲ ಹೊಸದನ್ನು ಮೇಲೆ ತುಂಬುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಎಲ್ಲವನ್ನೂ ಹೊರತೆಗೆದು, ರಾಶಿ ಹಾಕಿ, ಮುಚ್ಚಿ, ಮತ್ತೊಂದು ವರ್ಷ ಕೊಳೆಯಲು ಬಿಟ್ಟು, ಆಮೇಲೆ ಹೊಲಕ್ಕೆ ಹರಡುತ್ತಾರೆ.